ಶಿರಸಿಯ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ, ಸಚಿವರೇ

ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್ ಹಾಗೂ ಐಟಿ-ಬಿಟಿ ಖಾತೆಗಳ ಸಚಿವರಿಗೆ,

ನಮಸ್ಕಾರ.

ಐಟಿ ಕೆಲಸ ಬೆಂಗಳೂರಿನ ಆಚೆಗೂ ಹರಡಬೇಕು ಎಂದು ಸರ್ಕಾರ ಹೇಳುತ್ತಿದೆ. ಅದಕ್ಕಾಗಿ ‘ಬಿಯಾಂಡ್ ಬೆಂಗಳೂರು’ ಯೋಜನೆಯೂ ಇದೆ. ಒಳ್ಳೆಯದೇ. ಆದರೆ ಅಲ್ಲಿ ಜಾಸ್ತಿ ಕೇಳಿಬರುವುದು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿಯ ಹೆಸರುಗಳು. ಶಿರಸಿಯಂಥ ತಾಲ್ಲೂಕು ಊರುಗಳಲ್ಲಿ ಯಾವ ಟೆಕ್ ಪಾರ್ಕೂ ಇಲ್ಲದೆ ಆ ಕೆಲಸ ಆಗಲೇ ಶುರುವಾಗಿದೆ. ಅದು ಉಳಿಯಲಿ ಎಂದು ಈ ಪತ್ರ.

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರಲ್ಲಿ ಕೆಲವರು ವಾಪಸ್ ಹೋಗಲಿಲ್ಲ. ನಾನೂ ಹೋಗಲಿಲ್ಲ. ಬೆಳಿಗ್ಗೆ ಅಡಿಕೆ ತೋಟಕ್ಕೆ ಒಂದು ಸುತ್ತು ಹೋಗಿ ಬಂದು, ತಿಂಡಿ ಮುಗಿಸಿ, ಬೆಂಗಳೂರಿನ ಕಂಪನಿಯ ಕೆಲಸಕ್ಕೆ ಕೂರುತ್ತೇನೆ. ಸಂಬಳದ ದುಡ್ಡು ಇಲ್ಲಿನ ಕಿರಾಣಿ ಅಂಗಡಿಗೆ, ಗ್ಯಾರೇಜಿಗೆ, ಅಡಿಕೆ ಕೊನೆ ಕೊಯ್ಯುವವರಿಗೆ ಹೋಗುತ್ತದೆ. ಮಲೆನಾಡಿನ ಹಳ್ಳಿಗಳು ವೃದ್ಧಾಶ್ರಮ ಆಗಿಬಿಟ್ಟಿವೆ ಎಂಬ ಮಾತು ನೀವೂ ಕೇಳಿರಬಹುದು. ಆ ಮಾತು ಸುಳ್ಳಾಗುವ ದಾರಿ ಇದೊಂದೇ ಎಂದು ನನಗನಿಸುತ್ತದೆ. ಯಾಕೆಂದರೆ ಎಲ್ಲರಿಗೂ ತೋಟ ಇರುವುದಿಲ್ಲ. ಇದ್ದವರಿಗೂ ಅಡಿಕೆಗೆ ಕೊಳೆರೋಗ ಬಂದ ವರ್ಷ ತೋಟವೊಂದನ್ನೇ ನಂಬಿ ಕೂರಲು ಆಗುವುದಿಲ್ಲ.

ತೊಂದರೆ ಶುರುವಾಗುವುದು ಜೂನ್‌ನಲ್ಲಿ. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಹೋಯಿತು. ಫೈಬರ್ ಕೇಬಲ್ಲೂ ಅದೇ ಕಂಬದ ಮೇಲಿದ್ದರೆ ನೆಟ್ಟೂ ಹೋಯಿತು. ಮೊಬೈಲ್‌ನಲ್ಲಾದರೂ ಕೆಲಸ ಮಾಡೋಣ ಎಂದರೆ ಕೆಲವು ಗಂಟೆಯಲ್ಲಿ ಟವರಿನ ಬ್ಯಾಟರಿ ಖಾಲಿ. ಆಮೇಲೆ ಮನೆಯಲ್ಲಿ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಲೈನ್‌ಮನ್‌ಗಳನ್ನು ನಾನು ದೂರುವುದಿಲ್ಲ. ಸುರಿಯುವ ಮಳೆಯಲ್ಲಿ ಕಾಡಿನ ಮಧ್ಯೆ ಕಂಬ ಹತ್ತುವವರು ಅವರು. ಲೈನು ಉದ್ದ, ಆಳು ಕಡಿಮೆ.

ಕಂಪನಿ ಎಷ್ಟು ದಿನ ಸುಧಾರಿಸಿಕೊಳ್ಳುತ್ತದೆ, ಹೇಳಿ? ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ನೆಮ್ಮದಿಯಿಂದ ಕೆಲಸ ಮಾಡುತ್ತಿದ್ದ ಪಕ್ಕದೂರಿನ ಹುಡುಗಿಯೊಬ್ಬಳು ಕಳೆದ ಮಳೆಗಾಲದಲ್ಲಿ ಮತ್ತೆ ಬೆಂಗಳೂರಿಗೆ ಮನೆ ಮಾಡಿಕೊಂಡು ಹೋದಳು. ಅವಳಿಗೆ ಹೋಗುವ ಮನಸ್ಸು ಒಂಚೂರೂ ಇರಲಿಲ್ಲ.

ಹಳ್ಳಿಯ ಖಾತೆ, ಐಟಿ ಖಾತೆ ಎರಡೂ ನಿಮ್ಮ ಕೈಯಲ್ಲೇ ಇವೆ. ಹಾಗಾಗಿಯೇ ನಿಮಗೆ ಬರೆಯುತ್ತಿದ್ದೇನೆ. ಪಂಚಾಯಿತಿ ಗ್ರಂಥಾಲಯಗಳನ್ನು ನಿಮ್ಮ ಇಲಾಖೆ ಅರಿವು ಕೇಂದ್ರಗಳಾಗಿ ಮಾಡಿದೆ. ಪಂಚಾಯಿತಿ ತನಕ ಫೈಬರ್ ತರುವ ಭಾರತ್‌ನೆಟ್ ಕೇಂದ್ರದ ಯೋಜನೆ. ಎರಡನ್ನೂ ಜೋಡಿಸಿ, ಅರಿವು ಕೇಂದ್ರದ ಪಕ್ಕದಲ್ಲಿ ಕೆಲಸಕ್ಕೆಂದೇ ಒಂದು ಕೋಣೆ ಮಾಡಿಕೊಡಿ. ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ನೆಟ್ ಸಂಪರ್ಕ ಇರಲಿ. ಜನರೇಟರ್ ಬೇಕೇ ಬೇಕು. ಬರೀ ಸೋಲಾರ್ ನಂಬಿದರೆ ಆಗುವುದಿಲ್ಲ, ಆಷಾಢದಲ್ಲಿ ನಮಗೆ ಬಿಸಿಲೇ ಕಾಣುವುದಿಲ್ಲ. ಹೆಂಗಸರು ಧೈರ್ಯವಾಗಿ ಬಂದು ಕೂರುವಂತಿರಬೇಕು, ಸ್ವಚ್ಛ ಶೌಚಾಲಯ ಇರಬೇಕು. ಪುಕ್ಕಟೆ ಬೇಡ, ಬಾಡಿಗೆ ಕೊಡುತ್ತೇವೆ.

ನಡೆಸಿಕೊಂಡು ಹೋಗುವವರು ಯಾರು ಎಂದು ಅಧಿಕಾರಿಗಳು ಕೇಳಬಹುದು. ಇಲ್ಲಿಯ ಅಡಿಕೆ ಬೆಳೆಗಾರರು 1923ರಲ್ಲೇ ಒಟ್ಟು ಸೇರಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಕಟ್ಟಿದರು. ಅದು ಇವತ್ತಿಗೂ ನಡೆಯುತ್ತಿದೆ. 2019ರಲ್ಲಿ ಇಲ್ಲಿನ ಅಡಿಕೆ ‘ಶಿರಸಿ ಸುಪಾರಿ’ಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂತು. ಹಳ್ಳಿಹಳ್ಳಿಯಲ್ಲಿ ಸಹಕಾರಿ ಸಂಘಗಳಿವೆ. ಸೇರಿ ನಡೆಸುವುದು ಈ ಸೀಮೆಗೆ ಗೊತ್ತಿದೆ. ನಮ್ಮಿಂದ ಆಗದಿರುವುದು ಕೇಬಲ್ ಎಳೆಯುವುದು, ಕಂಬ ನೆಡುವುದು.

ಮರ ತಾಗಿದರೂ ಕರೆಂಟು ಹೋಗದ ಹಾಗೆ ಹೊದಿಕೆಯಿರುವ ತಂತಿ ಹಾಕಲು ಇಂಧನ ಸಚಿವರ ಜೊತೆ ಮಾತಾಡಿ. ಟವರ್‌ಗಳ ಬ್ಯಾಟರಿ ವಿಷಯ ಕೇಂದ್ರಕ್ಕೆ ಸೇರಿದ್ದು ಎಂದು ಗೊತ್ತು. ಆದರೂ ರಾಜ್ಯದಿಂದ ಒಂದು ಪತ್ರ ಹೋಗಲಿ. ಆಸ್ಪತ್ರೆಯದು ಇನ್ನೂ ದೊಡ್ಡ ಮಾತು. ಎದೆನೋವು ಬಂದವರನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯಬೇಕಾದ ಜಿಲ್ಲೆ ನಮ್ಮದು. ದೊಡ್ಡಾಸ್ಪತ್ರೆಗಾಗಿ ಇಡೀ ಉತ್ತರ ಕನ್ನಡ ಕೇಳುತ್ತಲೇ ಇದೆ. ನೀವೂ ಸಂಪುಟದಲ್ಲಿ ಅದಕ್ಕೆ ದನಿಗೂಡಿಸಿ.

ಮೊದಲ ಹೆಜ್ಜೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಒಂದೊಂದು ಪಂಚಾಯಿತಿ ಆರಿಸಿಕೊಳ್ಳಿ, ಸಾಕು. ಕೇಬಲ್ ಕೆಲಸ ಮಾತ್ರ ಮೇ ತಿಂಗಳೊಳಗೆ ಮುಗಿಯಬೇಕು. ಮಳೆ ಹಿಡಿದ ಮೇಲೆ ಇಲ್ಲಿ ನೆಲ ಅಗೆಯಲು ಆಗುವುದಿಲ್ಲ.

ಇತಿ,
ಶಿರಸಿ ಸೀಮೆಯ ಒಬ್ಬ ನಿವಾಸಿ