ರ‍್ಯಾಂಪ್ ಆಮೇಲೆ ಕಟ್ಟಿ ಸರ್, ಮೊದ್ಲು ಯಾರು ಎಲ್ಲಿದ್ದಾರೆ ನೋಡಿ

ಮಾನ್ಯ ಶಾಸಕರಿಗೆ ನಮಸ್ಕಾರ,

ಬೆಂಗಳೂರಿನ ಮಾಗಡಿ ರೋಡ್ ಕಡೆಯಿಂದ ಬರೀತಿದೀನಿ ಸರ್. ವಿಕಲಚೇತನರ ಹೆಸರಲ್ಲಿ ದುಡ್ಡು ಬಂದಾಗೆಲ್ಲ ಟೆಂಡರ್ ಬೇಗ ಆಗುತ್ತೆ, ಆದ್ರೆ ಅವ್ರು ಯಾವ ವಾರ್ಡಲ್ಲಿ, ಯಾವ ಬೀದೀಲಿ ಎಷ್ಟು ಜನ ಇದ್ದಾರೆ ಅಂತ ಯಾರ ಹತ್ರ ಲೆಕ್ಕ ಇದೆ?

ಇನ್ನೂ ಫೈಲಲ್ಲಿ ಓಡ್ತಿರೋದು 2011ರ ಜನಗಣತಿ, ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು, ದೇಶದಲ್ಲಿ 2.68 ಕೋಟಿ. ಆಗ ಕೇಳಿದ್ದೇ 8 ಥರದ ವೈಕಲ್ಯ, 2016ರ ವಿಕಲಚೇತನರ ಹಕ್ಕು ಕಾಯ್ದೇಲಿ 21 ಆಯ್ತು, ಅಂದ್ರೆ ಆಟಿಸಂ ಇರೋ ಮಗು, ಪಾರ್ಕಿನ್ಸನ್ ಬಂದಿರೋ ತಾತ, ಥಲಸ್ಸೇಮಿಯಾಗೆ ರಕ್ತ ಹಾಕಿಸ್ಕೊಳ್ಳೋ ಹುಡುಗ, ಇವ್ರಿಗೆಲ್ಲ ಆ ಫಾರ್ಮಲ್ಲಿ ಅವ್ರದ್ದೇ ಅಂತ ಕಾಲಂ ಇರ್ಲಿಲ್ಲ.

ಅದೇ ಗಣತೀಲಿ ದೇಶದ ವಿಕಲಚೇತನರಲ್ಲಿ ನೂರಕ್ಕೆ 69 ಜನ ಹಳ್ಳೀಲಿದ್ದಾರೆ ಅಂತ ಬಂತು, ಇಲ್ಲಿ ಕಮ್ಮಿ ಅಂತ ಸುಮ್ನಿರೋಕೆ ಸಿಟಿ ಆಫೀಸ್‌ಗಳಿಗೆ ಅಷ್ಟೇ ಬೇಕಿತ್ತು. ನಮ್ಮ ಹಿಂದಿನ ಕ್ರಾಸಲ್ಲಿ ಸಿಂಧನೂರು ಕಡೆಯವ್ರೊಬ್ರಿದ್ದಾರೆ, ಒಂದು ಕಾಲಿಗೆ ಪೋಲಿಯೋ, ಗಾರ್ಮೆಂಟ್ಸಲ್ಲಿ ಕೆಲ್ಸ. ಆಧಾರ್ ಊರಿಂದು, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಊರಿಂದು, ಪಿಂಚಣಿ ಊರಿನ ಬ್ಯಾಂಕಿಗೆ. ಅಲ್ಲಿ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ವಿಕಲಚೇತನರಿಗೆ ಅಂತ ಇರೋ ಗ್ರಾಮ ಕಾರ್ಯಕರ್ತರು) ಪಟ್ಟೀಲಿ ಹೆಸರಿದೆ, ಇಲ್ಲಿ ಯಾವ ಪಟ್ಟೀಲೂ ಇಲ್ಲ, ದಿನಾ ಬಸ್ ಹತ್ತಿ ಇಳಿಯೋದು ಮಾತ್ರ ಇಲ್ಲಿ.

ಬಾಡಿಗೆ ಮನೆ ವಿಷ್ಯ ಇನ್ನೊಂದು. ನಮ್ ಕಡೆ ಲಿಫ್ಟ್ ಇಲ್ದಿರೋ ಮೂರ್ನಾಲ್ಕು ಮಹಡಿ ಬಿಲ್ಡಿಂಗ್‌ಗಳೇ ಜಾಸ್ತಿ, ಕೆಳಗಡೆ ಅಂಗಡಿನೋ ಪಾರ್ಕಿಂಗೋ ಇರುತ್ತೆ, ಗ್ರೌಂಡ್ ಫ್ಲೋರ್ ಮನೆ ಬೇಕಂದ್ರೆ ಇನ್ನೂ ಆಚೆ ಹೋಗ್ಬೇಕು, ಆಚೆ ಹೋದಷ್ಟೂ ಫುಟ್‌ಪಾತೇ ಇಲ್ಲ. ಚರ್ಚ್ ಸ್ಟ್ರೀಟ್ ಚೆನ್ನಾಗಿ ಮಾಡಿದ್ದಾರೆ, ಸಂತೋಷ, ಆದ್ರೆ ಅಲ್ಲಿ ಬಾಡಿಗೆ ಕೊಟ್ಟು ಇರೋರು ಯಾರು ಸ್ವಾಮಿ? ನಮ್ಮ ಬಸ್ ಸ್ಟಾಪ್ ಹತ್ರ ಕಣ್ಣು ಕಾಣದವ್ರಿಗೆ ಅಂತ ಹಾಕಿರೋ ಹಳದಿ ಟೈಲ್ಸು ಸೀದಾ ಹೋಗಿ ಟ್ರಾನ್ಸ್‌ಫಾರ್ಮರ್ ಬೇಲಿಗೆ ಮುಟ್ಟುತ್ತೆ. ಬಿಲ್ ಪಾಸ್ ಮಾಡಿದೋರು ಒಂದ್ಸಲ ಕಣ್ಮುಚ್ಕೊಂಡು ಅದರ ಮೇಲೆ ನಡೀಲಿ.

ಈಗ ಒಂದೇ ಇದ್ದ ಪಾಲಿಕೆ 5 ಆಗಿದೆ, ವಾರ್ಡ್ ಗಡಿಗಳೂ ಬದಲಾಗಿವೆ, ಹಳೇ ಲೆಕ್ಕ ತಾಳೆ ಆಗಲ್ಲ. 2027ರ ಗಣತಿ ವಿವರ ಕೈಗೆ ಬರೋವರೆಗೂ ಕಾಯ್ಬೇಡಿ. ಅಂಗನವಾಡಿ, ಆಶಾದವ್ರನ್ನ ಮನೆ ಮನೆಗೆ ಕಳ್ಸಿ (ಪುಕ್ಕಟೆ ಅಲ್ಲ, ಗೌರವಧನ ಕೊಟ್ಟು), ಕಾರ್ಡಲ್ಲಿರೋ ಅಡ್ರೆಸ್ ಬಿಟ್ಟು ಈಗ ಮಲಗೋ ಮನೆ ಅಡ್ರೆಸ್ ಬರ್ಸಿ, ಮನೆಯವ್ರೇ ಹೇಳ್ಕೊಳ್ಳಲ್ಲ ಎಷ್ಟೋ ಕಡೆ, ಅದಕ್ಕೆ ಸಮಾಧಾನವಾಗಿ ಕೇಳೋರು ಬೇಕು. ಹೆಸರು, ಮನೆ ನಂಬರ್ ಹೊರಗೆ ಹಾಕ್ಬೇಡಿ, ಬೀದಿಗೆ ಎಷ್ಟು ಜನ ಅನ್ನೋದು ಮ್ಯಾಪಲ್ಲಿ ಬಂದ್ರೆ ಸಾಕು. ಯಾವ ರಸ್ತೆ ಕೆಲ್ಸ ಮೊದ್ಲು ಅನ್ನೋದನ್ನ ಆ ಮ್ಯಾಪ್ ಮುಂದಿಟ್ಕೊಂಡು, ವೀಲ್‌ಚೇರ್ ಒಳಗೆ ಬರೋ ಜಾಗದಲ್ಲಿ ಸಭೆ ಕರೆದು ತೀರ್ಮಾನ ಮಾಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ