ಮೂರು ಕಾಲಿನ ಕುದುರೆಯ ಜಾಗ

ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ದಡಬಡ ಸದ್ದು ಕೇಳಿ ಏನು ಬಿತ್ತು ಅಂತ ಕೇಳಿದ್ದೆಯಲ್ಲ, ಏನೂ ಬಿದ್ದಿರಲಿಲ್ಲ. ನಮ್ಮ ಮರಿ ತನ್ನ ಕೋಣೆ ಜೋಡಿಸುತ್ತಿತ್ತು. ಹೌದು, ನಿನ್ನ ಶೂ ಒಳಗೆ ಪೆನ್ಸಿಲ್‌ಗಳನ್ನು ಮಲಗಿಸಿ ಹೊದಿಕೆ ಹೊದಿಸಿದ್ದ ಅದೇ ಮರಿ. ಈಗ 4 ವರ್ಷ.

ಇಷ್ಟು ದಿನ ಬಾಗಿಲಲ್ಲಿ ನಿಂತು "ಎಲ್ಲಾ ಎತ್ತಿಡು" ಅಂತ ಕೂಗುತ್ತಿದ್ದೆ. ಮರಿ ನಡುಕೋಣೆಯಲ್ಲಿ ನಿಂತು ಸುತ್ತ ನೋಡುತ್ತಿತ್ತು, ಒಂದು ಬ್ಲಾಕ್ ಎತ್ತುತ್ತಿತ್ತು, ಎತ್ತಿದ ಕೂಡಲೇ ಬಿಟ್ಟುಹೋದ ಆಟ ನೆನಪಾಗಿ ಅಲ್ಲೇ ಕೂತುಬಿಡುತ್ತಿತ್ತು. ಹಟ ಅಂದುಕೊಂಡಿದ್ದೆ. ಹಟ ಅಲ್ಲ ಕಣೋ. ಎಲ್ಲಿಂದ ಶುರು, ಯಾವುದು ಎಲ್ಲಿಗೆ, ಎಷ್ಟಾದರೆ ಮುಗಿಯಿತು ಅಂತ ಲೆಕ್ಕ ಇಟ್ಟುಕೊಳ್ಳುವುದು ಮಿದುಳಿನ ಮುಂಭಾಗದ ಕೆಲಸ. ಅದು ಪೂರ್ತಿ ಬಲಿಯುವುದು 20 ದಾಟಿದ ಮೇಲೆ. 4 ವರ್ಷಕ್ಕೆ "ಎಲ್ಲಾ" ಅನ್ನುವುದು ತುಂಬಾ ದೊಡ್ಡ ಮಾತು. "ಕಾರುಗಳನ್ನು ಮಾತ್ರ ಈ ಡಬ್ಬಿಗೆ ಹಾಕೋಣ" ಅಂದರೆ ಓಡಿ ಬರುತ್ತದೆ.

ಇಷ್ಟೇ ಬರೆದು ನಿಲ್ಲಿಸಬೇಕು ಅಂತಿದ್ದೆ. ಆಗುತ್ತಿಲ್ಲ.

2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಓದಿದೆ. ನಮ್ಮ ಮರಿಗಿಂತ ಚಿಕ್ಕ ಮಕ್ಕಳು, ಒಂದೂವರೆಯಿಂದ ಎರಡೂವರೆ ವರ್ಷದ 36 ಜನ. ಒಮ್ಮೆ 4 ಆಟಿಕೆ ಕೊಟ್ಟರು, ಇನ್ನೊಮ್ಮೆ 16. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಓದಿದ್ದೇ ತಡ, ಅವತ್ತು ರಾತ್ರಿ ಮರಿ ಮಲಗಿದ ಮೇಲೆ ಒಂದು ಚೀಲ ತುಂಬಿಸಿದೆ. ಮುರಿದದ್ದು, ಜೋಡಿ ಕಳೆದುಕೊಂಡದ್ದು, ಎಲ್ಲ ಕಸಕ್ಕೆ. ಅದರಲ್ಲಿ ಮೂರು ಕಾಲಿನ ಕುದುರೆಯೂ ಇತ್ತು.

ಮರಿ ಮೂರು ದಿನ ಹುಡುಕಿತು. ಮಂಚದ ಕೆಳಗೆ, ದಿಂಬಿನ ಕವರಿನೊಳಗೆ, ಬಕೆಟ್ಟಿನಲ್ಲಿ. ನಾನೂ ಪಕ್ಕದಲ್ಲಿ ಮೊಣಕಾಲೂರಿ ಹುಡುಕುವ ಹಾಗೆ ಮಾಡಿದೆ. ಮೂರನೇ ದಿನ ಅದು ನನ್ನ ಬೆನ್ನು ತಟ್ಟಿ, "ಬಿಡು, ನಾನೇ ಸರಿಯಾಗಿ ಎತ್ತಿಟ್ಟಿರಲಿಲ್ಲ" ಅಂದಿತು.

ನನ್ನ ತಪ್ಪನ್ನು ಅದು ಹೊತ್ತುಕೊಂಡಿತ್ತು ಗೆಳೆಯಾ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಚಿಕ್ಕವನಿದ್ದಾಗ ನನ್ನ ಕಲ್ಲುಗಳ ಡಬ್ಬಿಯೂ ಹೀಗೇ ಒಂದು ಬೆಳಿಗ್ಗೆ ಇರಲಿಲ್ಲ. ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಇದನ್ನು ನಿನಗೂ ಯಾವತ್ತೂ ಹೇಳಿಲ್ಲ, ಅಲ್ವಾ?

ಬೆಳಿಗ್ಗೆ ಎದ್ದು ಮರಿಗೆ ನಿಜ ಹೇಳಿದೆ. ತುಂಬಾ ಅತ್ತಿತು. ಆಮೇಲೆ ಕೇಳಿತು: "ಅದರ ಜಾಗ ಯಾವುದಿತ್ತು?" ಜಾಗವೇ ಇರಲಿಲ್ಲ. ಕಪಾಟಿನ ಹಲಗೆಗಳೆಲ್ಲ ನನ್ನ ಎತ್ತರಕ್ಕೆ ಇದ್ದವು, ಅದಕ್ಕೆ ಎಟುಕುತ್ತಿದ್ದದ್ದು ನೆಲ ಮಾತ್ರ.

ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನಲ್ಲಿ ಶುರು ಮಾಡಿದ 'ಮಕ್ಕಳ ಮನೆ' ಅನ್ನುವ ಪುಟ್ಟ ಮಕ್ಕಳ ಶಾಲೆಯಲ್ಲಿ ಒಂದು ದಿನ ಶಿಕ್ಷಕಿ ಕಪಾಟಿಗೆ ಬೀಗ ಹಾಕುವುದನ್ನು ಮರೆತರಂತೆ. ಮರುದಿನ ತಡವಾಗಿ ಬಂದು ನೋಡಿದರೆ ಮಕ್ಕಳೇ ಸಾಮಾನು ತೆಗೆದುಕೊಳ್ಳುತ್ತಿದ್ದಾರೆ. ಶಿಕ್ಷಕಿಗೆ ಅದು ಕಳ್ಳತನದಂತೆ ಕಂಡಿತು. ಮಾಂಟೆಸ್ಸರಿಗೆ, ತಮಗೆ ಬೇಕಾದ್ದನ್ನು ಮಕ್ಕಳು ತಾವೇ ಆರಿಸಬಲ್ಲರು ಅನ್ನುವುದು ಕಂಡಿತು. ಆಮೇಲೆ ಅಲ್ಲಿಗೆ ಮಕ್ಕಳ ಕೈಗೆ ಎಟುಕುವ ಗಿಡ್ಡ ಕಪಾಟುಗಳು ಬಂದವು.

ನಾವೂ ಹಲಗೆಗಳನ್ನು ಕೆಳಗೆ ಇಳಿಸಿದೆವು. ಯಾವುದು ಎಲ್ಲಿ ಅಂತ ಮರಿಯೇ ಚಿತ್ರ ಬರೆದು ಅಂಟಿಸಿದೆ. ವಿಂಗಡಣೆ ಅದರದ್ದೇ: ಓಡುವವು, ಮಲಗುವವು, ಸುಮ್ನೆ ಇರುವವು. ಕತ್ತರಿ ಯಾಕೆ ಮಲಗುವವುಗಳ ಜೊತೆ ಅಂತ ಕೇಳಬೇಡ, ನಾನು ಕೇಳಿ ಅರ್ಧ ಗಂಟೆ ಉತ್ತರ ಕೇಳಿಸಿಕೊಂಡೆ. ಕೆಳಗಿನ ಮೂಲೆಯಲ್ಲಿ ಕುದುರೆಯ ಚಿತ್ರ ಇದೆ. ಅಲ್ಲಿ ಏನೂ ಇಟ್ಟಿಲ್ಲ. ಇಡುವುದು ಬೇಡವಂತೆ.

ಅಯ್ಯೋ, ಪತ್ರ ಎಲ್ಲಿಂದ ಎಲ್ಲಿಗೋ ಹೋಯ್ತು. ಆ ಹಳದಿ ಛತ್ರಿಯ ಕಥೆ ಇನ್ನೊಮ್ಮೆ ಬರೆಯುತ್ತೇನೆ, ಈಗಲೇ ನಗಬೇಡ. ಬೇಗ ಬಾ. ನಿನ್ನ ಶೂಗೂ ಒಂದು ಚಿತ್ರ ಬರೆದು ಅಂಟಿಸಿದೆ ಮರಿ. ಎಲ್ಲಕ್ಕಿಂತ ಕೆಳಗೆ, ಪೆನ್ಸಿಲ್ ಡಬ್ಬಿಯ ಪಕ್ಕದಲ್ಲೇ.

ನಿನ್ನವನೇ