ಬಿಟ್ಟ ಬಾಲಿಗೂ ಲೆಕ್ಕ ಇದೆ, ದೋಸ್ತ

ಅಕ್ಟೋಬರ್ 2025

ಪ್ರೀತಿಯ ದೋಸ್ತ,

ದಸರಾ ದಿನ ಸಂಜೆ ಬನ್ನಿ ಕೊಡಲು ನಿಮ್ಮ ಮನೆಗೆ ಹೋಗಿದ್ದೆ. ಕಾಕಾ ಟಿವಿ ಮುಂದೆ ಕೂತಿದ್ದರು, ವೆಸ್ಟ್ ಇಂಡೀಸ್ ಟೆಸ್ಟಿನ ಹೈಲೈಟ್ಸ್ ನಡೆದಿತ್ತು, ಕೆ.ಎಲ್. ರಾಹುಲ್ ಆಡುತ್ತಿದ್ದ. ಕಾಲಿಗೆ ನಮಸ್ಕಾರ ಮಾಡಿ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದೆ. ಅವರೂ ಅಂದರು. ಅಂದವರೇ ಟಿವಿ ಕಡೆ ಕೈ ಮಾಡಿ, "53 ನಾಟೌಟ್ ಅದಾನ. ನಾಳೆ ನೂರು ಆಗತೈತಿ, ಬರದಿಟ್ಕೊ" ಅಂದರು.

ಮರುದಿನ ಅಹಮದಾಬಾದಿನಲ್ಲಿ ರಾಹುಲ್ ಸರಿಯಾಗಿ ನೂರು ಹೊಡೆದ. ನಮ್ಮ ದೇಶದ ನೆಲದಲ್ಲಿ ಅವನ ಹಿಂದಿನ ಟೆಸ್ಟ್ ಶತಕ ಯಾವುದು, ನೆನಪಿದೆಯಾ? 2016ರ ಡಿಸೆಂಬರಿನಲ್ಲಿ ಚೆನ್ನೈಯ ಆ 199. ಹತ್ತಿರ ಹತ್ತಿರ ಒಂಬತ್ತು ವರ್ಷ. ಖುಷಿ ತಡೆಯಲಾಗದೆ ನಿನಗೆ ಮೆಸೇಜ್ ಹಾಕಿದೆ. ನಿನ್ನ ಉತ್ತರ ಒಂದೇ ಸಾಲು: "ವೆಸ್ಟ್ ಇಂಡೀಸ್ ಮ್ಯಾಲೆ ಯಾರರ ಹೊಡೀತಾರ. ಫೈನಲ್‌ನ್ಯಾಗ ಎಲ್ಲಿಗೆ ಹೋಗಿದ್ದ?"

ಇದಕ್ಕೆ ಫೋನಿನಲ್ಲಿ ಉತ್ತರ ಬರೆಯಲು ಆಗಲಿಲ್ಲ. ಎರಡು ದಿನ ತಲೆಯಲ್ಲೇ ಕೊರೆಯಿತು. ಅದಕ್ಕೇ ಈ ಪತ್ರ.

ನಿನ್ನ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2023ರ ದೀಪಾವಳಿಗೆ ನೀನು ಊರಿಗೆ ಬಂದಿದ್ದೆ. ಹಬ್ಬದ ದಿನವೇ, ನವೆಂಬರ್ 12ಕ್ಕೆ, ಬೆಂಗಳೂರಿನಲ್ಲಿ ನೆದರ್ಲ್ಯಾಂಡ್ಸ್ ಮೇಲೆ ಅವನು 62 ಬಾಲಿಗೆ ಶತಕ ಮುಗಿಸಿದ. ವಿಶ್ವಕಪ್‌ನಲ್ಲಿ ನಮ್ಮವರು ಹೊಡೆದ ಅತಿ ವೇಗದ ನೂರು ಅದು. ಮಕ್ಕಳಿಗೆ ಅಂತ ಇಟ್ಟಿದ್ದ ಪಟಾಕಿ ಸರವನ್ನು ಕಸಿದುಕೊಂಡು ನೀನೇ ಹಚ್ಚಿದೆ. ಫೈನಲ್ ನೋಡಿಯೇ ಹೋಗ್ತೀನಿ ಅಂತ ರಜೆ ಒಂದು ವಾರ ಜಾಸ್ತಿ ಮಾಡಿಕೊಂಡೆ.

ಆ 19ನೇ ತಾರೀಖು ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾ ಮೇಲೆ ಫೈನಲ್. ಗುಡಿ ಪಕ್ಕದ ಹಾಲ್‌ನಲ್ಲಿ ಪರದೆ ಕಟ್ಟಿದ್ದರು. ಕೂರಲು ಜಾಗ ಇರಲಿಲ್ಲ. ರೋಹಿತ್ 47 ಹೊಡೆದು ಹೋದ, ಹಿಂದೆಯೇ ಶ್ರೇಯಸ್ ಹೋದ. 81ಕ್ಕೆ 3. ರಾಹುಲ್ ಬಂದ. ಆಮೇಲೆ ಶುರುವಾಯಿತು ನೋಡು ಆ ಬರಗಾಲ. 97 ಬಾಲು, ಒಂದು ಬೌಂಡರಿ ಇಲ್ಲ. ಮಿರ್ಚಿ ಭಜಿ ಒಂದು ಬುಟ್ಟಿ ಬಂದಿತ್ತು. ಯಾರೂ ಮುಟ್ಟಲಿಲ್ಲ, ಕಾಗದಕ್ಕೆ ಎಣ್ಣೆ ಇಳಿದು ತಣ್ಣಗಾಯಿತು. ಕಡೆಗೆ ಆ ಒಂದು ಫೋರ್ ಹೊಡೆದವನೂ ರಾಹುಲ್‌ನೇ. ಅವನ ಇಡೀ ಆಟದಲ್ಲಿ ಇದ್ದದ್ದು ಅದೊಂದೇ ಫೋರ್. 107 ಬಾಲಿಗೆ 66. ನಾವು 240ಕ್ಕೆ ಮುಗಿದೆವು, ಟ್ರಾವಿಸ್ ಹೆಡ್ 137 ಹೊಡೆದು ಕಪ್ ಹೊತ್ತುಕೊಂಡು ಹೋದ. ನೀನು ಹಾಲ್‌ನಿಂದ ಚಪ್ಪಲಿ ಹಾಕಿಕೊಳ್ಳದೆ ಹೊರಗೆ ನಡೆದೆ. ಚಪ್ಪಲಿ ಹಿಡಿದುಕೊಂಡು ನಿನ್ನ ಹಿಂದೆ ಬಂದವನು ನಾನು.

ಆ ದಿನ ಅವನ ತಪ್ಪೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಪಿಚ್ ನಿಧಾನ ಇತ್ತು, ಬಾಲು ಹಿಡಿದು ಹಿಡಿದು ಬರುತ್ತಿತ್ತು, ಸೂರ್ಯಕುಮಾರ್ ನಂತರ ಬ್ಯಾಟಿಂಗ್ ಇರಲಿಲ್ಲ. ಇದೆಲ್ಲ ನಿಜ. ಆದರೂ ಮ್ಯಾಕ್ಸ್‌ವೆಲ್ ಬೌಲಿಂಗ್ ಮಾಡುವಾಗ ಒಂದು ಸಲ ಮುಂದೆ ನುಗ್ಗಿ ಎತ್ತಿ ಹೊಡೆಯಬೇಕಿತ್ತು. ಕಡೆಯವರೆಗೆ ನಿಲ್ತೀನಿ ಅಂದುಕೊಂಡ, ಕಡೆಯವರೆಗೂ ನಿಲ್ಲಲಿಲ್ಲ. ಅದು ನನಗೂ ಇವತ್ತಿಗೂ ನೋವೇ.

ಆದರೆ ದೋಸ್ತ, ಅದೇ ವಿಶ್ವಕಪ್ ಶುರುವಾದದ್ದು ಹೇಗೆ ಅನ್ನುವುದನ್ನು ನೀನು ಮರೆತುಬಿಟ್ಟೆ. ಚೆನ್ನೈ, ಅಕ್ಟೋಬರ್ 8, ಎದುರಿಗೆ ಇದೇ ಆಸ್ಟ್ರೇಲಿಯಾ. 200 ಬೇಕು. ಎರಡೇ ರನ್‌ಗೆ ಮೂರು ವಿಕೆಟ್ ಹೋದವು. ಸುಮಾರು ಐವತ್ತು ಓವರ್ ಆ ಸೆಖೆಯಲ್ಲಿ ಕೀಪಿಂಗ್ ಮಾಡಿ, ಸ್ನಾನ ಮಾಡಿ ಇನ್ನೇನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಪ್ಯಾಡ್ ಕಟ್ಟಿ ಓಡಿ ಬಂದವನು ಅವನು. ಸ್ವಲ್ಪ ಹೊತ್ತು ಟೆಸ್ಟ್ ಆಡಿದಂಗೆ ಆಡು ಅಂತ ಕೊಹ್ಲಿ ಹೇಳಿದನಂತೆ. ಆಡಿದ. ಇಬ್ಬರೂ ಸೇರಿ 165 ಕೂಡಿಸಿದರು. ಕಮಿನ್ಸ್‌ಗೆ ಸಿಕ್ಸ್ ಹೊಡೆದು ಮ್ಯಾಚ್ ಮುಗಿಸಿದಾಗ 97 ನಾಟೌಟ್. ಮೊದಲು ಫೋರ್, ಆಮೇಲೆ ಸಿಕ್ಸ್ ಹೊಡೆದು ನೂರು ಮಾಡಬೇಕು ಅಂತ ಲೆಕ್ಕ ಹಾಕಿದ್ದ, ಬಾಲು ಸೀದಾ ಹಗ್ಗ ದಾಟಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಆ ಮುಖ ನೋಡಿ ನಾವಿಬ್ಬರೂ ಫೋನಿನಲ್ಲಿ ಎಷ್ಟು ನಕ್ಕಿದ್ದೆವು!

ಚೆನ್ನೈಯಲ್ಲಿ ನಿಧಾನ ಆಡಿದ್ದಕ್ಕೆ ಗೆದ್ದೆವು. ಅಹಮದಾಬಾದಿನಲ್ಲಿ ನಿಧಾನ ಆಡಿದ್ದಕ್ಕೆ ಸೋತೆವು ಅಂತೀಯ. ಎರಡೂ ಕಡೆ ಅವನಿಗೆ ಹೇಳಿದ ಕೆಲಸ ಒಂದೇ: ಬಿದ್ದ ಮನೆಗೆ ಕಂಬ ಕೊಡು.

ಅವನ ಆಟ ಬದಲಾಯಿತು, ಮೊದಲಿನ ರಾಹುಲ್ ಈಗಿಲ್ಲ ಅಂತ ನೀನು ಹೇಳ್ತಾನೇ ಇರ್ತೀಯ. ಮೊದಲಿನ ರಾಹುಲ್ ಯಾರು ಅಂತ ನಾನು ಕೂತು ಯೋಚನೆ ಮಾಡಿದೆ. 2014ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್. ಓಪನರ್ ಹುಡುಗನನ್ನು ಆರನೇ ನಂಬರಿಗೆ ಇಳಿಸಿದರು, ಎರಡನೇ ಇನ್ನಿಂಗ್ಸ್‌ನಲ್ಲಿ ಮೂರನೇ ನಂಬರ್. 3 ಮತ್ತು 1. ಮುಂದಿನ ಸಿಡ್ನಿ ಟೆಸ್ಟ್‌ನಲ್ಲಿ ಅವನ ಜಾಗ ಅವನಿಗೆ ಕೊಟ್ಟರು, 110. ಅದೇ ಜನವರಿ ಮುಗಿಯುವುದರೊಳಗೆ ರಣಜಿಯಲ್ಲಿ ಉತ್ತರ ಪ್ರದೇಶದ ಮೇಲೆ 337. ಕರ್ನಾಟಕದ ಪರವಾಗಿ ಮುನ್ನೂರು ದಾಟಿದ ಮೊದಲ ಆಟಗಾರ. ಆ ವಾರ ನಾವು ಪೇಪರ್ ಕತ್ತರಿಸಿ ಚಾದಂಗಡಿ ಗೋಡೆಗೆ ಅಂಟಿಸಿದ್ದೆವು. ಆಮೇಲೆ ನೋಡು, ಓಪನಿಂಗ್‌ನಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ, ಕೈಗೆ ಕೀಪಿಂಗ್ ಗ್ಲೌಸ್. ಟೆಸ್ಟ್‌ನಲ್ಲಿ ಒಮ್ಮೆ ಆರಕ್ಕೆ, ಮತ್ತೆ ಒಂದಕ್ಕೆ. 2022ರ ಟಿ20 ವಿಶ್ವಕಪ್ ಸೆಮಿಫೈನಲ್ ಸೋತ ಮೇಲೆ ಟಿ20 ಬಾಗಿಲು ಮುಚ್ಚಿತು. 2023ರಲ್ಲಿ ಟೆಸ್ಟ್ ಉಪನಾಯಕನ ಪಟ್ಟ ಹೋಯಿತು, ಜಾಗವೂ ಹೋಯಿತು. ಆ ಮೇ ತಿಂಗಳಲ್ಲಿ ತೊಡೆಗೆ ಆಪರೇಷನ್. ಇಷ್ಟು ಸಲ ಎಬ್ಬಿಸಿ ಕೂರಿಸಿದ ಮೇಲೂ ಆಟ ಒಂದೇ ತರ ಇರಬೇಕಾ?

ಇದನ್ನು ಕಾಕಾ ಮುಂದೆ ಹೇಳಿದೆ. ಅವರು ಸುಮ್ನೆ ಕೇಳಿದರು. ಆಮೇಲೆ ದ್ರಾವಿಡ್ ಕಥೆ ತೆಗೆದರು. ನಿನಗೆ ಗೊತ್ತಲ್ಲ, ಕಾಕಾ ಕ್ರಿಕೆಟ್ ಮಾತಾಡಿದರೆ ಅದು ದ್ರಾವಿಡ್‌ಗೆ ಬಂದೇ ನಿಲ್ಲುತ್ತದೆ. 1998ರಲ್ಲಿ ನಿಧಾನ ಆಡ್ತಾನೆ ಅಂತ ಅವನನ್ನೂ ಒಂದು ದಿನದ ಟೀಮಿನಿಂದ ಬಿಟ್ಟಿದ್ದರು. 1999ರ ವಿಶ್ವಕಪ್‌ನಲ್ಲಿ 461 ರನ್, ಎಲ್ಲ ದೇಶದವರಿಗಿಂತ ಜಾಸ್ತಿ. ಟಾಂಟನ್‌ನಲ್ಲಿ ಶ್ರೀಲಂಕಾ ಮೇಲೆ 145 ಹೊಡೆದ ಮ್ಯಾಚಿನಲ್ಲಿ ಕೀಪಿಂಗ್ ಕೂಡ ಅವನೇ. 2003ರ ವಿಶ್ವಕಪ್ ಪೂರ್ತಿ ಗ್ಲೌಸ್ ಹಾಕಿದ. "ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಆಡಸಾಕ ಬೇಕು ಅಂದ್ರ ನಮ್ಮ ಕಡಿ ಹುಡುಗನ ಕೈಗೇ ಗ್ಲೌಸ್ ಕೊಡ್ತಾರ. ಇಂವಾ ಒಲ್ಲೆ ಅನ್ನೂದಿಲ್ಲ ಅಂತ ಅವರಿಗೆ ಗೊತ್ತೈತಿ" ಅಂದರು. ಹೇಳುವಾಗ ಧ್ವನಿ ಸ್ವಲ್ಪ ನಡುಗಿತು. 2023ರಲ್ಲಿ ರಾಹುಲ್‌ಗೆ ಗ್ಲೌಸ್ ಇದ್ದಾಗ ಕೋಚ್ ಆಗಿದ್ದವನೂ ದ್ರಾವಿಡ್‌ನೇ, ನೋಡು.

ಆಮೇಲೆ ಕಾಕಾ ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಊರು ಮುಳುಗಡೆ ಆದ ದಿನ ನೆನೆಸಿಕೊಂಡರು. ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರದ ಸೆಕ್ಟರಿಗೆ ಬಂದಾಗ, ಒಂದು ವರ್ಷ ರಾತ್ರಿ ಎದ್ದರೆ ಬಾಗಿಲು ಯಾವ ಕಡೆ ಅಂತ ತಿಳಿಯುತ್ತಿರಲಿಲ್ಲವಂತೆ. ಗೋಡೆ ಮುಟ್ಟಿ ಮುಟ್ಟಿ ನಡೆಯುತ್ತಿದ್ದರಂತೆ. ನಿನಗೂ ನೆನಪಿರಬೇಕು, ನಾವು ಆಡುತ್ತಿದ್ದ ಬಯಲು ಹಿನ್ನೀರಿಗೆ ಹೋಯಿತು ಅಂತ ನೀನು ಅತ್ತಿದ್ದೆ. ಇಲ್ಲಿ ಬಂದ ಮೇಲೆ ಸಣ್ಣ ಜಾಗ, ಮೂರೂ ಕಡೆ ಮನೆ. ಎತ್ತಿ ಹೊಡೆಯುತ್ತಿದ್ದ ನೀನು ನೆಲಕ್ಕೆ ಒತ್ತಿ ಆಡುವುದನ್ನು ಕಲಿತೆ.

ಒಂದು ಮಾತು ಮಾತ್ರ ನಿನ್ನದು ಪೂರ್ತಿ ಸರಿ. ಐಪಿಎಲ್‌ನ ಆ ನಡುವಿನ ವರ್ಷಗಳು. 2018ರಲ್ಲಿ ಮೊಹಾಲಿಯಲ್ಲಿ ದೆಹಲಿ ಮೇಲೆ 14 ಬಾಲಿಗೆ ಐವತ್ತು ಹೊಡೆದವನು, ಇಡೀ ಸೀಸನ್ 158ರ ಸ್ಟ್ರೈಕ್ ರೇಟ್‌ನಲ್ಲಿ, ಅಂದರೆ ನೂರು ಬಾಲಿಗೆ 158 ರನ್ ಲೆಕ್ಕದಲ್ಲಿ ಆಡಿದವನು, 2020ರಲ್ಲಿ 670 ರನ್ ಮಾಡಿ, ಎಲ್ಲರಿಗಿಂತ ಜಾಸ್ತಿ ರನ್ ಹೊಡೆದವನಿಗೆ ಕೊಡುವ ಆರೆಂಜ್ ಕ್ಯಾಪ್ ಗೆದ್ದರೂ ಸ್ಟ್ರೈಕ್ ರೇಟ್ 129ಕ್ಕೆ ಇಳಿದಿತ್ತು. ಸ್ಟ್ರೈಕ್ ರೇಟ್‌ಗೆ ಜನ ಅತಿ ಬೆಲೆ ಕೊಡ್ತಾರೆ ಅಂತ ಅವನೇ ಅಂದಿದ್ದ. ಆ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ನಾಯಕತ್ವದ ಭಾರ ಇತ್ತು, ತಾನು ಔಟಾದರೆ ಎಲ್ಲ ಮುಗಿಯಿತು ಅನ್ನುವ ಹೆದರಿಕೆ ಇತ್ತು. ಆ ಹೆದರಿಕೆಯ ಆಟ ನೋಡಲು ನನಗೂ ಕಷ್ಟ ಆಗುತ್ತಿತ್ತು. ನಿಧಾನ ಆಡುವುದರಲ್ಲೂ ಎರಡು ತರ ಇದೆ ದೋಸ್ತ. ಹೆದರಿ ನಿಲ್ಲುವುದು ಒಂದು, ತಿಳಿದು ನಿಲ್ಲುವುದು ಒಂದು. ಈ ವರ್ಷ ನಾನು ಕಂಡದ್ದು ಎರಡನೆಯದು. ನೀನು ಟಿವಿ ಹಚ್ಚಲಿಲ್ಲ, ಅದಕ್ಕೆ ನಿನಗೆ ಕಾಣಲಿಲ್ಲ.

ಮಾರ್ಚ್‌ನಲ್ಲಿ ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿ. ಈಗ ಆರನೇ ನಂಬರ್! ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ 34 ಬಾಲಿಗೆ 42 ನಾಟೌಟ್, ಮುಗಿಸಿದ್ದು ಮ್ಯಾಕ್ಸ್‌ವೆಲ್‌ಗೆ ಸಿಕ್ಸ್ ಹೊಡೆದು. ಫೈನಲ್‌ನಲ್ಲಿ 34 ನಾಟೌಟ್, ಕಪ್ ನಮ್ಮದು. ಫೈನಲ್‌ನಲ್ಲಿ ಎಲ್ಲಿಗೆ ಹೋಗಿದ್ದ ಅಂದೆಯಲ್ಲ, ಅಲ್ಲಿಗೆ ಹೋಗಿದ್ದ. ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮೇಲೆ 53 ಬಾಲಿಗೆ 93, ಬ್ಯಾಟಿನಿಂದ ನೆಲದಲ್ಲಿ ಗೆರೆ ಸುತ್ತಿ ಇದು ನನ್ನ ಜಾಗ ಅಂತ ತೋರಿಸಿದ. ನಾನು ಆರ್‌ಸಿಬಿ ಮನುಷ್ಯ, ಸೋತ ಸಂಕಟ ಇತ್ತು. ಆದರೂ ಎದ್ದು ನಿಂತು ಚಪ್ಪಾಳೆ ಹೊಡೆದೆ.

ಇಂಗ್ಲೆಂಡ್ ವಿಷಯ ಹೇಳದಿದ್ದರೆ ಈ ಪತ್ರ ಬರೆದೇ ಉಪಯೋಗ ಇಲ್ಲ. ಲೀಡ್ಸ್‌ನಲ್ಲಿ 137, ಲಾರ್ಡ್ಸ್‌ನಲ್ಲಿ 100, ಸರಣಿಯಲ್ಲಿ 532. ನನಗೆ ಅದಕ್ಕಿಂತ ದೊಡ್ಡದು ಮ್ಯಾಂಚೆಸ್ಟರ್. 311 ರನ್ ಹಿಂದೆ ಇದ್ದೆವು. ವೋಕ್ಸ್ ಮೊದಲ ಓವರಿನಲ್ಲೇ ಎರಡು ವಿಕೆಟ್ ತೆಗೆದ. ಸೊನ್ನೆಗೆ ಎರಡು. ನನಗೆ ತಕ್ಷಣ ಚೆನ್ನೈ ನೆನಪಾಯಿತು. ರಾಹುಲ್ ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಆಫ್ ಸ್ಟಂಪ್ ಹೊರಗಿನ ಬಾಲು ಬಂದರೆ ಕೈ ಒಳಗೆ ಎಳೆದುಕೊಂಡು, ಬ್ಯಾಟ್ ಮೇಲೆತ್ತಿ, ಬಾಲು ಕೀಪರ್ ಕೈಗೆ ಹೋಗುವವರೆಗೂ ನೋಡುತ್ತಿದ್ದ. ಆಡುವ ಬಾಲನ್ನು ಕಣ್ಣ ಕೆಳಗೆ ಬರುವವರೆಗೆ ಕಾದು ಮೆತ್ತಗೆ ಇಡುತ್ತಿದ್ದ. 230 ಬಾಲಿಗೆ 90. ಗಿಲ್ ಜೊತೆ 188. ಆ ಟೆಸ್ಟ್ ಉಳಿಯಿತು. ಆ ಇಡೀ ದಿನ ಅಂಗಡಿಯಲ್ಲಿ ಗಿರಾಕಿ ಬಂದರೆ ಒಂದು ಕಣ್ಣು ತಕ್ಕಡಿ ಮೇಲೆ, ಒಂದು ಕಣ್ಣು ಮೊಬೈಲ್ ಮೇಲೆ ಇಟ್ಟಿದ್ದೆ.

ಇದನ್ನು ಟಿವಿಯಲ್ಲಿ ನೋಡಿದ್ದು ನಾನೊಬ್ಬನೇ ಅಲ್ಲ. ಹೋದ ಭಾನುವಾರ ನಮ್ಮ ಹುಡುಗರ ಲೆದರ್ ಬಾಲ್ ಮ್ಯಾಚ್ ಇತ್ತು. ಎರೆ ಮಣ್ಣಿನ ಮೇಲೆ ಮ್ಯಾಟ್ ಹಾಸಿದ್ದೆವು. ಒಂದು ಕಡೆ ಕೆಳಗೆ ಮಣ್ಣು ಬಿರುಕು ಬಿಟ್ಟಿತ್ತು, ಅಲ್ಲಿ ಬಿದ್ದ ಬಾಲು ಎದೆಗೆ ಏಳುತ್ತಿತ್ತು. ಹತ್ತನೇ ಕ್ಲಾಸಿನ ಹುಡುಗ ಒಬ್ಬ ಓಪನಿಂಗ್ ಹೋದ. ಮೊದಲ ಓವರಿನಲ್ಲಿ ನಾಲ್ಕು ಬಾಲು ಬಿಟ್ಟ. ಗೆರೆ ಆಚೆ ನಿಂತವರೆಲ್ಲ ಒದರಿದರು, "ಹೊಡಿಯಲೇ! ಬ್ಯಾಟ್ ಯಾಕ್ ಹಿಡದಿ?" ಹುಡುಗ ತಿರುಗಿ ನೋಡಲಿಲ್ಲ. ಐದನೇ ಬಾಲು ಮತ್ತೆ ಬಿರುಕಿನ ಮೇಲೆ ಬಿತ್ತು. ಕೈ ಒಳಗೆ ಎಳೆದುಕೊಂಡು, ಬ್ಯಾಟ್ ಮೇಲೆತ್ತಿ, ಕುತ್ತಿಗೆ ತಿರುಗಿಸಿ ಬಾಲನ್ನು ಕೀಪರ್ ತನಕ ಕಳಿಸಿದ. ಥೇಟ್ ಹಂಗೇ. ನನ್ನ ಕಣ್ಣು ತುಂಬಿ ಬಂತು. ಆರನೇ ಬಾಲು ಉದ್ದ ಬಂತು, ಕವರ್ ಕಡೆ ನೆಲ ಸವರಿ ಫೋರ್ ಹೋಯಿತು.

ಅವನು ಕಡೆಗೆ 31 ಹೊಡೆದ, ಆ ಮ್ಯಾಟ್ ಮೇಲೆ ಅದೇ ಜಾಸ್ತಿ. ಕಲಿಸಿದ್ದು ಯಾರು ಅಂತ ಕೇಳಿದೆ. "ಯಾರೂ ಇಲ್ಲರಿ ಅಣ್ಣಾ, ರಾಹುಲ್ ನೋಡಿ" ಅಂದ.

ಈ ತಿಂಗಳ 19ಕ್ಕೆ ಪರ್ತ್‌ನಲ್ಲಿ ಆಸ್ಟ್ರೇಲಿಯಾ ಜೊತೆ ಒಂದು ದಿನದ ಮ್ಯಾಚ್ ಶುರು. ಭಾನುವಾರ, ಬೆಳಿಗ್ಗೆ 9ಕ್ಕೆ. ದೀಪಾವಳಿಗೆ ಹೇಗೂ ಬರುವವನು, ಶನಿವಾರ ರಾತ್ರಿಯೇ ಬಸ್ ಹತ್ತು. ಕಾಕಾ ಪಕ್ಕದಲ್ಲಿ ಕೂತು ನೋಡೋಣ. ಬನ್ನಿ ಇನ್ನೂ ನನ್ನ ಜೇಬಿನಲ್ಲೇ ಇದೆ, ನಿನಗೆ ಅಂತ ನಾಲ್ಕು ಎಲೆ ತೆಗೆದಿಟ್ಟಿದ್ದೀನಿ. ಒಣಗುವುದರೊಳಗೆ ಬಾ.

ನಿನ್ನ ದೋಸ್ತ,
ನವನಗರ, ಬಾಗಲಕೋಟೆ